ಬರ್ತೆ ಅಂದವರ ಲೆಕ್ಕ

ಕಾರವಾರದ ಆ ಕಾಲೇಜಿನಲ್ಲಿ ಮಾಡೆಲಿಂಗ್ ಮತ್ತು ಸಿಮ್ಯುಲೇಶನ್ ಎಂಬ ಪಾಠ ಇದೆಯೆಂಬುದೇ ಅರ್ಧ ಜನರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಉಳಿದರ್ಧ ಜನರಿಗೆ ಅದು ಯಾಕಿದೆಯೆಂದು ಗೊತ್ತಿರಲಿಲ್ಲ. ಬಿಸಿಎ ಕೊನೆಯ ವರ್ಷದವರು ಎರಡು ಪಾಠಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಆರಿಸುವ ದಿನ ಎಲ್ಲರೂ ಗುಂಪು ಕಟ್ಟಿಕೊಂಡು ವೆಬ್ ಡಿಸೈನ್ ಕಡೆ ಓಡಿದರು. ಓಡಲು ತಡವಾದವರು, ಓಡುವ ಮನಸ್ಸೇ ಇಲ್ಲದವರು ಮತ್ತು ರೂಪಾಲಿ, ಇಷ್ಟು ಜನ ಚಂಪಾ ಮೇಡಂ ಪಾಲಿಗೆ ಉಳಿದರು. ರೂಪಾಲಿ ಮಾತ್ರ ಬೇಕೆಂದೇ ಬಂದವಳು. ಯಾಕೆ ಬಂದೆ ಎಂದು ಕೇಳಿದರೆ, "ಹೆಸರು ಕೇಳೂಕೆ ಚಂದ ಇತ್ತು ಮೇಡಂ" ಎಂದಿದ್ದಳು.

ಚಂಪಾಳಿಗೆ ಅಷ್ಟು ಜನ ಧಾರಾಳವಾಯಿತು. ಅವಳಿಗೆ ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ಅವರ್ಸಾ ಊರಿನ ಮನೆಯಲ್ಲಿ ಒಬ್ಬಳೇ ಇದ್ದಳು. ಬೆಳಿಗ್ಗೆ ಅನ್ನ ಮಾಡಿ, ಅರ್ಧ ತಿಂದು, ಅರ್ಧ ಡಬ್ಬಿಗೆ ಹಾಕಿಕೊಂಡು ಹೆದ್ದಾರಿಯ ಬದಿಗೆ ಬಂದು ನಿಲ್ಲುತ್ತಿದ್ದಳು. ಅಂಕೋಲಾದಿಂದ ಹೊರಟ ಬಸ್ಸು ಬೇಲೆಕೇರಿಯ ಅದಿರು ಲಾರಿಗಳ ಹಿಂದೆ ಸಿಕ್ಕಿಬಿದ್ದು ತನಗೆ ಪುರುಸೊತ್ತಾದಾಗ ಬರುತ್ತಿತ್ತು. ಕಂಡಕ್ಟರನಿಗೆ "ಕಾರವಾರ" ಎಂದದ್ದೇ ಆ ದಿನದ ಅವಳ ಮೊದಲ ಮಾತು. ಸಂಜೆ ಮನೆಯ ಬೀಗ ತೆಗೆದ ಮೇಲೆ ಮತ್ತೆ ಮಾತಿಲ್ಲ. ಇವೆರಡರ ನಡುವೆ, ಊಟದ ಬಿಡುವಾದ ಮೇಲೆ ಆ ಪಾಠದ ಲ್ಯಾಬಿನ ಹೊತ್ತಿನಲ್ಲಿ, "ಮೇಡಂ, ಇಲ್ಲಿ ಬನ್ನಿ", "ಮೇಡಂ, ಇದು ಎಂತಕೆ ಹಿಂಗೆ ಬಂತು" ಎಂದು ಯಾರಾದರೂ ಕರೆಯುತ್ತಿದ್ದರು. ಉಳಿದ ತರಗತಿಗಳಲ್ಲಿ ಅವಳು ಹೇಳುವುದು, ಅವರು ಬರೆದುಕೊಳ್ಳುವುದು, ಗಂಟೆ ಹೊಡೆದರೆ ಮುಗಿಯಿತು. ಈ ಒಂದರಲ್ಲಿ ಮಾತ್ರ ಮಾತಿಗೆ ಮಾತು ಸಿಗುತ್ತಿತ್ತು. ಈ ಪಾಠವೂ ಕೈಬಿಟ್ಟರೆ ದಿನದಲ್ಲಿ ತನ್ನನ್ನು ಕರೆಯುವವರೇ ಇರುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕೈಬಿಡುವ ಹಾಗೆಯೇ ಕಾಣುತ್ತಿತ್ತು. ಒಂದು ಸೋಮವಾರ ಪ್ರಿನ್ಸಿಪಾಲ ಮಂಗೇಶ ಸರ್ ಅವಳನ್ನು ತಮ್ಮ ಕೋಣೆಗೆ ಕರೆಸಿದರು. ಕೆಟ್ಟವರೇನಲ್ಲ ಪಾಪ, ಕೆಟ್ಟ ಸುದ್ದಿ ಹೇಳುವಾಗ ಮೇಜಿನ ಮೇಲಿನ ಪೆನ್ನುಗಳನ್ನೆಲ್ಲ ಸಾಲಾಗಿ ಜೋಡಿಸುವ ಅಭ್ಯಾಸ ಅವರಿಗೆ. ಅವತ್ತೂ ಜೋಡಿಸಿದರು.

"ಮೇಡಂ, ನಿಮ್ಮ ಪಾಠಕ್ಕೆ ಜನ ಇಲ್ಲ. ಮುಂದಿನ ವರ್ಷ ಆ ಹೊತ್ತನ್ನೂ ವೆಬ್ ಡಿಸೈನಿಗೇ ಕೊಟ್ಬಿಡುವಾ ಅಂತಾರೆ ಕಮಿಟಿಯವ್ರು. ನಾನು ಎಂತ ಹೇಳ್ಲಿ? ನೀವು ಅಲ್ಲಿ ಮಾಡ್ಸೂದು ಎಂತದು ಅಂತ ನನಗೇ ಗೊತ್ತಿಲ್ಲ. ಶುಕ್ರವಾರ ಲ್ಯಾಬಿಗೆ ಬರ್ತೆ. ನನ್ನಂಥವ್ನಿಗೂ ಅರ್ಥ ಆಗೂ ಹಂಗೆ ತೋರ್ಸಿ. ಅರ್ಥ ಆದ್ರೆ ಅವರತ್ರ ನಿಮ್ಮ ಪರವಾಗಿ ಮಾತಾಡ್ತೆ."

"ಆಯ್ತು ಸರ್."

"ಮತ್ತೆ, ಅಮ್ಮ ಆರಾಮ?"

"ಆರಾಮ ಸರ್."

ಇಲ್ಲಿ ನಿಂತು ಒಂದು ವಿಷಯ ಹೇಳಲೇಬೇಕು. ಚಂಪಾಳ ಅಮ್ಮ ನಾಗಮ್ಮ ತೀರಿಕೊಂಡು ವರ್ಷವಾಗುತ್ತ ಬಂದಿತ್ತು.

ಹಿಂದೊಮ್ಮೆ ಮಂಗೇಶ ಸರ್ ಚುನಾವಣೆಯ ಕೆಲಸಕ್ಕೆಂದು ಅವರ್ಸಾದ ಶಾಲೆಗೆ ಬಂದಿದ್ದಾಗ ನಾಗಮ್ಮ ಮನೆಯಿಂದ ಅನ್ನ, ಬಂಗಡೆ ಸಾರು ಕಳಿಸಿದ್ದಳು. ಆ ಸಾರಿನ ರುಚಿ ಅವರ ನಾಲಿಗೆ ಬಿಟ್ಟು ಹೋಗಲೇ ಇಲ್ಲ. ಅಂದಿನಿಂದ ಚಂಪಾ ಎದುರು ಸಿಕ್ಕಾಗಲೆಲ್ಲ "ಅಮ್ಮ ಆರಾಮ?" ಎನ್ನುವುದು, ಇವಳು "ಆರಾಮ ಸರ್" ಎನ್ನುವುದು ವಾಡಿಕೆಯಾಯಿತು. ನಾಗಮ್ಮ ಸತ್ತದ್ದು ಮೇ ತಿಂಗಳ ರಜೆಯಲ್ಲಿ. ಕಾಲೇಜು ಮುಚ್ಚಿತ್ತು, ಯಾರಿಗೂ ತಿಳಿಯಲಿಲ್ಲ. ಜೂನಿನಲ್ಲಿ ಬಾಗಿಲು ತೆರೆದ ದಿನ ಜಗಲಿಯಲ್ಲಿ ಕೊಡೆ ಕೊಡವುತ್ತಿದ್ದ ಮಂಗೇಶ ಸರ್ ಎಂದಿನಂತೆ ಕೇಳಿದರು, ಇವಳ ಬಾಯಿ ಎಂದಿನಂತೆ ಉತ್ತರ ಕೊಟ್ಟುಬಿಟ್ಟಿತು. ಅಯ್ಯೋ ಎಂದುಕೊಳ್ಳುವಷ್ಟರಲ್ಲಿ ಅವರು ಒಳಗೆ ಹೋಗಿಯಾಗಿತ್ತು. ಮರುದಿನ ಹೇಳೋಣವೆಂದರೆ ಹೇಗೆ ಹೇಳುವುದು? ನಿನ್ನೆ ಆರಾಮ ಇದ್ದವಳು ಹೋದ ತಿಂಗಳೇ ತೀರಿಕೊಂಡಿದ್ದಾಳೆ ಎನ್ನುವುದೇ? ಅದರ ಮರುದಿನ ಇನ್ನೂ ಕಷ್ಟವಾಯಿತು. ಆಮೇಲಾಮೇಲೆ ಅವಳಿಗೆ ಆ ಸುಳ್ಳು ಹಿತವೆನಿಸತೊಡಗಿತು. ಎಂಥ ಹೆಂಗಸಪ್ಪ ಇವಳು ಎಂದು ಬೈಯುವವರು ಬೈಯಲಿ. ಅವರ್ಸಾದಲ್ಲಿ ಇಲ್ಲದ ಅಮ್ಮ ಕಾರವಾರದಲ್ಲಿ ದಿನವೂ ಆರಾಮವಾಗಿದ್ದಳು. ಆದರೆ ಅದೇ ಸುಳ್ಳಿನಿಂದಾಗಿ ಇಡೀ ಕಾಲೇಜಿನಲ್ಲಿ ಒಬ್ಬರೂ ಅವಳ ಕೈ ಹಿಡಿದು 'ಹೀಗಾಯ್ತಲ್ಲ' ಎನ್ನಲಿಲ್ಲ. ರಾತ್ರಿ ಅದನ್ನು ನೆನೆದು ಒಬ್ಬಳೇ ಅಳುತ್ತಿದ್ದಳು.

ಶುಕ್ರವಾರಕ್ಕೆಂದು ಅವಳು ಒಂದು ದವಾಖಾನೆ ಮಾಡಿದಳು, ಕಂಪ್ಯೂಟರಿನ ಒಳಗೆ. ಅಮ್ಮನ ಜೊತೆ ದವಾಖಾನೆಯ ಬೆಂಚಿನ ಮೇಲೆ ಕೂತು ಕೂತು ಅಲ್ಲಿನ ಸಂಗತಿಯೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಸಂತೆಯ ದಿನ ಎಷ್ಟು ಗದ್ದಲ, ಡಾಕ್ಟರು ಯಾರನ್ನು ಬೇಗ ಕಳಿಸುತ್ತಾರೆ, ಯಾರ ಜೊತೆ ಮಾತಿಗೆ ಕೂರುತ್ತಾರೆ, ಎಲ್ಲವೂ.

"ನಿಜವಾದ ಡಾಕ್ಟರ ಹತ್ರ ಹೋಗಿ, ಇನ್ನೊಂದು ಬೆಂಚು ಹಾಕಿ ನೋಡುವಾ ಅಂದ್ರೆ ಅವರು ನಮ್ಮನ್ನ ಓಡಿಸ್ತಾರೆ" ಎಂದು ಹುಡುಗರಿಗೆ ವಿವರಿಸಿದಳು. "ಇಲ್ಲಿ ಓಡ್ಸೂರು ಇಲ್ಲ. ಸುಳ್ಳು ದವಾಖಾನೆ, ಸುಳ್ಳು ರೋಗಿ. ಆದ್ರೆ ಕಾಯೂದು ಮಾತ್ರ ನಿಜದ್ದು."

ಪರದೆಯ ಮೇಲೆ ಬರೀ ಅಂಕಿ ಬಂದರೆ ಮಂಗೇಶ ಸರ್ ಆಕಳಿಸಿಬಿಟ್ಟಾರೆಂದು ಮನುಷ್ಯರ ಹೆಸರೇ ಬರುವಂತೆ ಮಾಡಿದಳು. ಕನ್ನಡ ಮಾತು, ಇಂಗ್ಲಿಷ್ ಅಕ್ಷರ. ಒಂದೊಂದು ಸಲ ಎಂಟರ್ ಒತ್ತಿದಾಗಲೂ ಒಂದೊಂದು ಸಾಲು. ಬೊಮ್ಮಯ್ಯ ಬಂದರು. ಬೀರಾ ಬಂದರು. ಬೊಮ್ಮಯ್ಯ ಹೋದರು. ಒಳಗೆ ಈಗ ಎಷ್ಟು ಜನರಿದ್ದಾರೆಂಬ ಲೆಕ್ಕ ಮೇಲಿನ ಮೂಲೆಯಲ್ಲಿ. ಆ ಲೆಕ್ಕಕ್ಕೆ ಅವಳು ಮಾಡಿದ ಉಪಾಯ ಬಲು ಸುಲಭದ್ದು. ಹೆಸರಾದ ಮೇಲಿನ ಮಾತು 'ಬಿ' ಅಕ್ಷರದಿಂದ ಶುರುವಾದರೆ ಬಂದರು, ಒಂದು ಕೂಡಿಸು. 'ಎಚ್' ಅಕ್ಷರದಿಂದ ಶುರುವಾದರೆ ಹೋದರು, ಒಂದು ಕಳೆ.

ಹೆಸರುಗಳನ್ನು ಹುಡುಗರೇ ಕೊಟ್ಟರು, ಮನೆಯವರದ್ದು, ನೆರೆಯವರದ್ದು. ರೂಪಾಲಿ ತನ್ನ ಅಜ್ಜಿ ಶೇವಂತಿಯ ಹೆಸರು ಹೇಳಿದಳು. ಎಲ್ಲರದ್ದೂ ಮುಗಿದ ಮೇಲೆ ಚಂಪಾಳ ಬೆರಳು ಯಾರನ್ನೂ ಕೇಳದೆ ಇನ್ನೊಂದು ಹೆಸರು ಒತ್ತಿತು. ನಾಗಮ್ಮ.

ಪ್ರೋಗ್ರಾಂ ಓಡಿಸಿ ನೋಡಿದಾಗ ರೂಪಾಲಿಯ ಮುಖ ಗಂಟಿಕ್ಕಿತು.

"ಮೇಡಂ, ಇದೆಂತ? ಶೇವಂತಿ ಹೋದರು ಅಂತ ಬಂತು."

"ಔಷಧ ತಕಂಡು ಹೋದ್ರು ಅಂತ ಅರ್ಥ ಮಾರಾಯ್ತಿ."

"ಅರ್ಥ ಗೊತ್ತು ಮೇಡಂ. ಆದ್ರೂ ದವಾಖಾನೆಲಿ ಹೋದರು ಅಂದ್ರೆ? ಅಜ್ಜಿ ಮನೆಲಿ ಕೂತ್ಕಂಡು ಅವಲಕ್ಕಿ ತಿಂತಾ ಅದೆ. ಯಾರಾದ್ರೂ ಹೋಗ್ತೆ ಅಂದ್ರೇ ಬೈತದೆ ಅದು, ಬರ್ತೆ ಅನ್ಬೇಕು ಅಂತದೆ."

ಚಂಪಾಳಿಗೆ ಅಷ್ಟೇ ಬೇಕಾಗಿತ್ತು. ತಾನೇ ಕೇಳಿಕೊಳ್ಳಲಾರದ್ದನ್ನು ಈ ಹುಡುಗಿ ಕೇಳಿದ್ದಳು. ಆ ಸಂಜೆ ಎಲ್ಲರೂ ಹೋದ ಮೇಲೆ 'ಹೋದರು' ಎಂಬುದನ್ನು ಅಳಿಸಿ 'ಬರ್ತೆ ಅಂದರು' ಎಂದು ಮಾಡಿದಳು. ಎಂಟರ್ ಒತ್ತುತ್ತ ಹೋದಳು. ನಾಗಮ್ಮ ಬಂದರು. ಸ್ವಲ್ಪ ಹೊತ್ತಾದ ಮೇಲೆ, ನಾಗಮ್ಮ ಬರ್ತೆ ಅಂದರು. ಅವಳಿಗೆ ಎಷ್ಟೋ ತಿಂಗಳಿಂದ ಆಗದ ಸಂತೋಷವಾಯಿತು. ಒಂದು ಅಕ್ಷರ ಬದಲಿಸಿದರೂ ಮತ್ತೆ ಮೊದಲಿನಿಂದ ಪರೀಕ್ಷಿಸಬೇಕೆಂದು ಹುಡುಗರಿಗೆ ದಿನವೂ ಉಪದೇಶ ಮಾಡುವ ಮೇಡಂ, ಮೂಲೆಯ ಲೆಕ್ಕದ ಕಡೆ ಒಮ್ಮೆಯೂ ಕಣ್ಣು ಹಾಯಿಸದೆ ಕಂಪ್ಯೂಟರು ಆರಿಸಿ ಬಸ್ಸಿಗೆ ಓಡಿದಳು.

ಶುಕ್ರವಾರ ಮಂಗೇಶ ಸರ್ ಬಂದು ಕುರ್ಚಿ ಎಳೆದುಕೊಂಡು ಕೂತರು. ಅಪರೂಪಕ್ಕೆ ಕರೆಂಟೂ ಇತ್ತು. ಕದ್ರಾದ ಅಣೆಕಟ್ಟು ಅಷ್ಟು ಹತ್ತಿರವಿದ್ದೂ ಆ ಲ್ಯಾಬಿಗೆ ಕರೆಂಟು ಬರುವುದು ನೆಂಟರು ಬಂದ ಹಾಗೆ. ರೂಪಾಲಿ ಎಂಟರ್ ಒತ್ತತೊಡಗಿದಳು. ಮಂಗೇಶ ಸರ್ ಮೊದಲು ನಕ್ಕರು, ಹೆಸರುಗಳನ್ನು ಓದಿ ಖುಷಿಪಟ್ಟರು, ಮುಂದಕ್ಕೆ ಬಾಗಿದರು. ಚಂಪಾಳ ಎದೆ ಹಗುರವಾಯಿತು.

ಆಮೇಲೆ ಅವರು ಮೂಲೆಯತ್ತ ಬೆರಳು ಮಾಡಿದರು. "ಇದು ಒಳಗಿರೂ ಜನವಾ?"

"ಹೌದು ಸರ್."

"ಅಲ್ಲ ಮೇಡಂ, ಇದು ಏರ್ತಾನೇ ಅದೆ. ಡಾಕ್ಟರು ನೋಡಿ ಕಳ್ಸಿದ್ರೂ ಏರ್ತದೆ, ಕಳ್ಸದಿದ್ರೂ ಏರ್ತದೆ. ಈ ದವಾಖಾನೆಗೆ ಬಂದವ್ರು ಯಾರೂ ಮನೆಗೇ ಹೋಗೂದಿಲ್ವಾ?"

ಹಿಂದೆ ಕೂತಿದ್ದ ಹುಡುಗರು ಕಿಸಕ್ಕನೆ ನಕ್ಕರು. ಚಂಪಾ ಈಗ ಮೂಲೆ ನೋಡಿದಳು. ಲೆಕ್ಕ ಏರುತ್ತಲೇ ಇತ್ತು. ರೂಪಾಲಿ ಪರದೆಯನ್ನೇ ನೋಡುತ್ತಿದ್ದವಳು ಮೆಲ್ಲಗೆ ಹೇಳಿದಳು, "ಮೇಡಂ, ಬರ್ತೆ ಅನ್ನೂದೂ ಬಿ. ಹೋಗೂರನ್ನೂ ಬಂದವ್ರು ಅಂತ ಎಣಿಸ್ತಾ ಅದೆ."

ಮಂಗೇಶ ಸರ್ ಗಡಿಯಾರ ನೋಡಿಕೊಂಡರು. "ತಪ್ಪು ಗೊತ್ತಾಯ್ತಲ್ಲ, ಸರಿ ಮಾಡಿ ಮೇಡಂ. ನಾನು ಇಲ್ಲೇ ಕೂತಿರ್ತೆ. ಅರ್ಧಕ್ಕೆ ಬಿಟ್ಟು ಹೋದ್ರೆ ಕಮಿಟಿಯವರತ್ರ ಎಂತ ಹೇಳ್ಲಿ?"

ಚಂಪಾ ಕೀಲಿಮಣೆಯ ಮುಂದೆ ಕೂತಳು. ರೂಪಾಲಿ ಕಿವಿಯ ಹತ್ತಿರ ಬಗ್ಗಿದಳು. "ಹೊರಟರು ಅಂತ ಹಾಕಿ ಮೇಡಂ. ಅದೂ ಎಚ್ಚೇ. ಯಾರಿಗೂ ಬೇಜಾರಿಲ್ಲ."

ಒಳ್ಳೆಯ ಉಪಾಯವೇ. ಚಂಪಾ ಹಾಗೆಯೇ ಮಾಡಿದಳು. ಎಲ್ಲ ಹೆಸರಿಗೂ ಹೊರಟರು. ಅಲ್ಲಿಗೆ ಕೆಲಸ ಮುಗಿದಿತ್ತು, ಎದ್ದರೆ ಆಗುತ್ತಿತ್ತು. ಅವಳು ಏಳಲಿಲ್ಲ. ಆ ಮೂಲೆಯ ಲೆಕ್ಕವನ್ನು ಇನ್ನೊಮ್ಮೆ ನೋಡಿದಳು. ಒಬ್ಬರನ್ನೂ ಹೊರಗೆ ಬಿಡದೆ ಕೂಡಿಟ್ಟುಕೊಂಡ ಆ ದವಾಖಾನೆ ಅವಳಿಗೆ ಈಗ ಉಸಿರು ಕಟ್ಟಿಸುವಂತೆ ಕಂಡಿತು. ಸಾಕಾಗಿತ್ತು ಅವಳಿಗೆ, ನಿಜವಾಗಿ ಸಾಕಾಗಿ ಹೋಗಿತ್ತು. ಒಂದೇ ಒಂದು ಹೆಸರಿಗೆ ಮಾತ್ರವೆಂದು ಇನ್ನೊಂದು ಸಾಲು ಬರೆದಳು. ರೂಪಾಲಿ ಅದನ್ನು ನೋಡಿದಳು.

ಮತ್ತೆ ಎಂಟರ್. ಮಂಗೇಶ ಸರ್ ಈ ಸಲ ಒಂದೊಂದನ್ನೇ ದೊಡ್ಡದಾಗಿ ಓದಿದರು. "ಬೊಮ್ಮಯ್ಯ ಹೊರಟರು. ಹಾಂ, ಒಂದು ಇಳೀತು. ಶೇವಂತಿ ಹೊರಟರು. ಇಳೀತು. ಬೀರಾ ಬಂದರು, ಏರ್ತು. ಸರಿ ಅದೆ." ಬೆಂಚು ತುಂಬುವುದು, ಖಾಲಿಯಾಗುವುದು, ಸಂತೆಯ ದಿನ ಎಲ್ಲಿ ಗಂಟು ಬೀಳುತ್ತದೆ, ಇನ್ನೊಂದು ಬೆಂಚು ಹಾಕಿದರೆ ಏನಾಗುತ್ತದೆ, ಎಲ್ಲ ಕೇಳಿ ತಿಳಿದುಕೊಂಡರು. "ಅಡ್ಡಿಲ್ಲ ಮೇಡಂ. ನಂಗೇ ಅರ್ಥ ಆಯ್ತು ಅಂದ್ರೆ ಕಮಿಟಿಯವರಿಗೂ ಆಗ್ತದೆ. ಮುಂದಿನ ವರ್ಷವೂ ನಡೀಲಿ ನಿಮ್ಮ ಪಾಠ."

ರೂಪಾಲಿಯ ಬೆರಳು ಇನ್ನೊಮ್ಮೆ ಒತ್ತಿತು. ಎದ್ದು ಹೊರಡಲಿದ್ದ ಮಂಗೇಶ ಸರ್ ಆ ಸಾಲನ್ನೂ ಓದಿದರು.

"ನಾಗಮ್ಮ ಹೋದರು." ಅವರು ಕನ್ನಡಕ ಸರಿಮಾಡಿಕೊಂಡರು. "ಇದೊಂದು ಎಂತಕೆ ಬೇರೆ ಅದೆ? ಉಳಿದವ್ರೆಲ್ಲ ಹೊರಟರು, ಇವರೊಬ್ರು ಹೋದರು. ಇನ್ನೊಂದು ತಪ್ಪು ಉಳ್ಕಂಡದೆ ನೋಡಿ."

"ತಪ್ಪಲ್ಲ ಸರ್" ಎಂದಳು ಚಂಪಾ. "ಅದು ನಮ್ಮಮ್ಮ."

ಮಂಗೇಶ ಸರ್ ನಿಂತವರು ಮತ್ತೆ ಕುರ್ಚಿಯಲ್ಲಿ ಕೂತರು.

"ಸೋಮವಾರ ಕೇಳ್ದೆ. ಆರಾಮ ಅಂದ್ರಿ."

"ಅಂದೆ ಸರ್. ಹೋದ ವರ್ಷದ ರಜೆಲೇ ಹೋದ್ಲು. ನೀವು ಕೇಳ್ತಾ ಇದ್ರಿ, ನಾನು ಹೇಳ್ತಾ ಇದ್ದೆ." ಅವಳು ಪರದೆಯ ಕಡೆ ತಿರುಗಿದಳು. "ನೀವು ಕೇಳೂದು ಬಿಟ್ಬಿಡ್ತೀರಿ ಅಂತ ಹೆದರಿಕೆ ಆಯ್ತು."

ಹಿಂದಿನ ಹುಡುಗರು ತಲೆ ತಗ್ಗಿಸಿದರು. ರೂಪಾಲಿ ಕೀಲಿಮಣೆಯಿಂದ ಕೈ ತೆಗೆದು ಚಂಪಾಳ ಭುಜದ ಮೇಲಿಟ್ಟಳು. ಮಂಗೇಶ ಸರ್ ಮೇಜಿನ ಮೇಲೆ ಪೆನ್ನು ಹುಡುಕುವವರಂತೆ ಕೈಯಾಡಿಸಿದರು, ಏನೂ ಸಿಗಲಿಲ್ಲ. ಆಮೇಲೆ ಕೇಳಿದರು.

"ಮನೆಲಿ ಈಗ ಯಾರಿದ್ದಾರೆ ಮೇಡಂ?"

ಇಷ್ಟು ದಿನ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಯಾರೂ ಇಲ್ಲ ಸರ್" ಎಂದಳು.