ಹೊಳೆಯಿಂದ ಎರಡನೇ ದಾರಿ

ನನ್ನ ಗಂಡ ನಗರಸಭೆಯಲ್ಲಿ ಕಟ್ಟಡ ತಪಾಸಣೆಯ ಇನ್ಸ್‌ಪೆಕ್ಟರ್. ಹೊಸದಾಗಿ ಕಟ್ಟಿದ ಮನೆ, ಅಂಗಡಿ, ಶಾಲೆಗಳಿಗೆ ಜನ ಕಾಲಿಡಬಹುದೋ ಇಲ್ಲವೋ ಎಂದು ಹೇಳುವುದು ಅವರ ಕೆಲಸ. ಮೂವತ್ತು ವರ್ಷದಿಂದ ಹೆಚ್ಚುಕಮ್ಮಿ ‘ಇಲ್ಲ’ ಎಂದೇ ಹೇಳಿಕೊಂಡು ಬಂದಿದ್ದಾರೆ. ಊರಿನವರು ಅವರಿಗೆ ‘ಆಗಲ್ಲ ಸಾರ್’ ಎಂದು ಅಡ್ಡಹೆಸರಿಟ್ಟಿದ್ದಾರೆ. ನಾನು ದರ್ಜಿ; ಪ್ಯಾಂಟಿನ ಉದ್ದ ಕಡಿಮೆ ಮಾಡಿಕೊಡುವ ಪುಟ್ಟ ಅಂಗಡಿ ನನ್ನದು. ಅಲ್ಲಿಗೂ ಬಂದು, “ಅಮ್ಮಾ, ಯಜಮಾನ್ರಿಗೆ ಒಂದ್ಮಾತು ಹೇಳಿ” ಎನ್ನುವವರಿದ್ದಾರೆ. ಹೇಳಿದರೆ ಕೇಳುವ ಗಂಡನಾಗಿದ್ದರೆ ಮೊದಲು ನನ್ನ ಕೆಲಸ ಮಾಡಿಸಿಕೊಳ್ಳುತ್ತಿದ್ದೆ.

ನನ್ನ ಕೆಲಸ ದೊಡ್ಡದೇನಲ್ಲ. ಬೆಟ್ಟದ ಕಡೆ ಎಲ್ಲಾದರೂ, ಹೊಳೆಯ ಪಕ್ಕ, ಟೆಂಟಿನಲ್ಲಿ ಅವರ ಜೊತೆ ಒಂದು ರಾತ್ರಿ ಮಲಗಬೇಕು. ಟೆಂಟ್ ಕೊಂಡು ಒಂಬತ್ತು ವರ್ಷವಾಯಿತು, ಇನ್ನೂ ಹೊಸದರ ವಾಸನೆ ಹೋಗಿಲ್ಲ. ಪ್ರತಿ ಬೇಸಿಗೆಯಲ್ಲೂ ಅದನ್ನು ಕಾರಿಗೆ ಹಾಕಿಕೊಂಡು ಹೋಗುತ್ತೇವೆ. ಸಂಜೆಯೊಳಗೆ ಮನೆಗೆ ಬಂದು ನಮ್ಮ ಮಂಚದ ಮೇಲೇ ಮಲಗುತ್ತೇವೆ.

ಮೊದಲ ವರ್ಷದ ಜಾಗದಲ್ಲಿ ಒಳ್ಳೆಯ ನೆರಳಿತ್ತು. ಇವರು ನೆರಳು ನೋಡಲಿಲ್ಲ, ಮೇಲಿದ್ದ ಒಣ ಕೊಂಬೆ ನೋಡಿದರು. “ಗಾಳಿ ಬಂದ್ರೆ ಇದು ನೇರ ನಿನ್ನ ತಲೆ ಮೇಲೆ” ಎಂದರು. ಇನ್ನೊಂದು ಕಡೆ ನೀರಿನ ಅಂಚಿಗೇ ಮೆತ್ತನೆಯ ಮರಳು, ಕೂತರೆ ಏಳಲು ಮನಸ್ಸಾಗದು. ಅಲ್ಲಿ ಪೊದೆಯ ನೆತ್ತಿಯಲ್ಲಿ, ನನ್ನ ತಲೆಗಿಂತ ಎತ್ತರಕ್ಕೆ ಸಿಕ್ಕಿಕೊಂಡಿದ್ದ ಕಸಕಡ್ಡಿ ತೋರಿಸಿದರು. ಮಳೆಗಾಲದಲ್ಲಿ ಹೊಳೆ ಅಷ್ಟೆತ್ತರ ಬಂದು ಹೋಗಿದೆಯಂತೆ. ಮತ್ತೊಂದು ಕಡೆ ಟೆಂಟುಗಳು ಎಷ್ಟು ಒತ್ತಾಗಿದ್ದವೆಂದರೆ, ಕಾಲು ಚಾಚಿದರೆ ಪಕ್ಕದವರ ಒಲೆಗೆ ತಗುಲಬೇಕು. ಆ ಜಾಗ ನನಗೂ ಬೇಡವಾಗಿತ್ತು, ಆದರೆ ಇವರೇ ಮೊದಲು ಬೇಡ ಎಂದಿದ್ದರಿಂದ ಅರ್ಧ ಗಂಟೆ ವಾದ ಮಾಡಿದೆ. ಕೆಲವು ವರ್ಷ ಎರಡೆರಡು ಜಾಗ ನೋಡಿ, ಹೀಗೆ ಹನ್ನೊಂದು ಜಾಗಗಳಾದವು. ಮೈ ಉರಿಯುವುದು ಯಾಕೆಂದರೆ, ಪ್ರತಿ ಸಲವೂ ಅವರು ಹೇಳುವುದು ಸರಿಯೇ ಇರುತ್ತದೆ.

ಈ ವರ್ಷ ಹೊರಡುವ ಮುಂಚೆಯೇ ಹೇಳಿಬಿಟ್ಟೆ. “ನೋಡ್ರೀ, ಈ ಸಲವೂ ಹಂಗೇ ವಾಪಸ್ ಕರ್ಕೊಂಡ್ ಬಂದ್ರೆ, ಮುಂದಿನ ವರ್ಷದಿಂದ ನಾನು ತಂಗಿ ಜೊತೆ ಹೋಗ್ತೀನಿ. ನೀವು ಮನೇಲೇ ಕೂತು ಮನೆ ತಪಾಸಣೆ ಮಾಡ್ಕೊಳ್ಳಿ.”

“ಹ್ಞೂಂ” ಎಂದರು. ನಾನು ತಮಾಷೆಗೆ ಹೇಳುತ್ತಿಲ್ಲವೆಂದು ಅವರಿಗೆ ಗೊತ್ತಾಗಿತ್ತು.

ಹನ್ನೆರಡನೆಯ ಜಾಗ, ಟೆಂಟ್ ಹಾಕುವವರಿಗೆ ಬಾಡಿಗೆಗೆ ಕೊಡುವ ಒಬ್ಬ ಅಜ್ಜಿಯದು. ಬೆಳಿಗ್ಗೆ ಎಂಟಕ್ಕೇ ತಲುಪಿದೆವು. ರಸ್ತೆಯ ಬದಿಗೆ ಅಜ್ಜಿಯ ಮನೆ, ಹಿತ್ತಿಲಿನಿಂದ ಕಾಲುದಾರಿ ಇಳಿದರೆ ಸಮತಟ್ಟಾದ ಹುಲ್ಲು, ಅದರಾಚೆ ಆಳೆತ್ತರ ಕೆಳಗೆ ಹೊಳೆ. ಒಣ ಕೊಂಬೆ ಇಲ್ಲ, ಪೊದೆಯಲ್ಲಿ ಕಸಕಡ್ಡಿ ಇಲ್ಲ, ದೂರದೂರಕ್ಕೆ ನಾಲ್ಕೇ ಟೆಂಟಿಗೆ ಜಾಗ. ನೀರು ಕಲ್ಲುಗಳ ನಡುವೆ ತನ್ನ ಪಾಡಿಗೆ ತಾನು ಮಾತಾಡಿಕೊಂಡಿತ್ತು. ಇವರು ಎರಡು ಸುತ್ತು ಬಂದರು, ಮಂಡಿಯೂರಿ ನೆಲ ತಟ್ಟಿದರು, ಕೊನೆಗೆ “ಚೆನ್ನಾಗಿದೆ” ಎಂದರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಆ ಮಾತನ್ನು ಒಂದೇ ಸಲ ಕೇಳಿದ್ದೆ, ಅದೂ ಒಂದು ನೀರಿನ ಟ್ಯಾಂಕಿನ ಬಗ್ಗೆ.

ನಾನು ಚೀಲ ತರಲು ಕಾರಿನ ಹತ್ತಿರ ಹೋದೆ. ಬರುವಷ್ಟರಲ್ಲಿ ಕೆಲಸ ಕೆಟ್ಟಿತ್ತು.

ಆಗಿದ್ದು ಇಷ್ಟು. ಅಜ್ಜಿ ಟೀ ತಂದುಕೊಟ್ಟು, “ಹೆಂಗಿದೆ ಸಾರ್ ಜಾಗ?” ಎಂದು ಕೇಳಿದ್ದಾರೆ. ಯಾರು ಹಾಗೆ ಕೇಳಿದರೂ ಇವರ ಕೈ ತಾನಾಗಿಯೇ ಜೇಬಿನಲ್ಲಿರುವ ನೋಟಿಸ್ ಪುಸ್ತಕಕ್ಕೆ ಹೋಗುತ್ತದೆ. ‘ಮೇಲೆ ಬರಲು ಒಂದೇ ದಾರಿ. ಅದು ಕುಸಿದರೆ ತಪ್ಪಿಸಿಕೊಳ್ಳಲು ಎರಡನೇ ದಾರಿ ಇಲ್ಲ’ ಎಂದು ಬರೆದು, ಸಹಿ ಹಾಕಿ, ಹಾಳೆ ಹರಿದು ಕೊಟ್ಟುಬಿಟ್ಟಿದ್ದಾರೆ. ಅಜ್ಜಿ ಅದನ್ನು ಎರಡು ಸಲ ಓದಿ, ಒಳಗಿನಿಂದ ಸರಪಳಿ ತಂದು ಕಾಲುದಾರಿಗೆ ಅಡ್ಡ ಕಟ್ಟುತ್ತಿದ್ದರು.

“ಅಜ್ಜೀ, ಕೈ ಅಭ್ಯಾಸ, ಬರೆದುಬಿಟ್ಟೆ. ಈ ಊರು ನನ್ನ ವ್ಯಾಪ್ತಿಗೇ ಬರಲ್ಲ” ಎಂದು ಇವರು ಬೇಡಿಕೊಳ್ಳುತ್ತಿದ್ದರು.

“ವ್ಯಾಪ್ತಿ ಕಟ್ಕೊಂಡು ನನಗೇನು? ಬರೆದಿದ್ದು ಸುಳ್ಳಾ?”

“ಸುಳ್ಳಲ್ಲ.”

“ಮತ್ತೆ? ಇನ್ನೊಂದು ದಾರಿ ಆಗೋವರೆಗೂ ಇಲ್ಲಿ ಯಾರೂ ಮಲಗೋ ಹಾಗಿಲ್ಲ. ನೀವೂ ಅಷ್ಟೇ.”

ಮೂವತ್ತು ವರ್ಷದಲ್ಲಿ ಇವರ ನೋಟಿಸನ್ನು ತಕರಾರಿಲ್ಲದೆ ಒಪ್ಪಿಕೊಂಡವರು ಅಜ್ಜಿಯೊಬ್ಬರೇ. ನಗಬೇಕೋ ಅಳಬೇಕೋ ತಿಳಿಯದೆ ನಾನು ಚೀಲಗಳನ್ನು ಎತ್ತಿಕೊಂಡು ಕಾರಿನ ಕಡೆ ತಿರುಗಿದೆ. ಇವರು ನನ್ನ ಮುಖ ನೋಡಿದರು. ಆಮೇಲೆ ಅಂಗಿಯ ತೋಳು ಮಡಿಚಿ, “ಅಜ್ಜೀ, ಗುದ್ದಲಿ ಇದೆಯಾ?” ಎಂದು ಕೇಳಿದರು.

ಕೆಲಸದವರು ಇಳಿಯಲು ಅಡ್ಡಿಯಿಲ್ಲವೆಂದು ಅಜ್ಜಿ ತೀರ್ಪು ಕೊಟ್ಟರು. ಹುಲ್ಲಿನ ಇನ್ನೊಂದು ತುದಿಯಿಂದ ರಸ್ತೆಗೆ ಹತ್ತುವ ಹಾಗೆ ಇವರು ಏರಿನಲ್ಲಿ ಮೆಟ್ಟಿಲು ಕಡಿಯತೊಡಗಿದರು. ಪೆನ್ನಿಗಿಂತ ಭಾರದ್ದನ್ನು ಹಿಡಿದವರಲ್ಲ, ಒಂದು ಗಂಟೆಯಲ್ಲಿ ಅಂಗೈ ತುಂಬ ಬೊಬ್ಬೆ. ನಾನೂ ಅಜ್ಜಿಯೂ ಮರದ ತುಂಡುಗಳನ್ನು ಹೊತ್ತು ತಂದು ಮೆಟ್ಟಿಲಿನ ಅಂಚಿಗೆ ಕೂರಿಸಿದೆವು. ಮಧ್ಯಾಹ್ನ ನಾನು ದಡ ಇಳಿದು, ಬಂಡೆಯ ಮೇಲೆ ಕೂತು ಹೊಳೆಗೆ ಕಾಲು ಇಳಿಬಿಟ್ಟೆ. ನೀರು ಎಷ್ಟು ತಣ್ಣಗಿತ್ತೆಂದರೆ ಮೊದಲು ಬೈದೆ, ಆಮೇಲೆ ಕಾಲು ತೆಗೆಯಲು ಮನಸ್ಸೇ ಬರಲಿಲ್ಲ. ಸಣ್ಣ ಮೀನುಗಳು ಹೆಬ್ಬೆರಳಿನ ಹತ್ತಿರ ಬಂದು, ಯೋಚನೆ ಮಾಡಿ, ಬೇಡವೆಂದು ಹೋದವು.

“ರೀ, ಒಂದ್ನಿಮಿಷ ಬನ್ರೀ ಇಲ್ಲಿ!” ಎಂದು ಕೂಗಿದೆ.

“ಇನ್ನೂ ಆರು ಮೆಟ್ಟಿಲಿದೆ ಕಣೇ” ಎಂದರು, ತಿರುಗದೆ.

ಬೆವರಿಗೆ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅದನ್ನು ನೋಡುತ್ತ ನೋಡುತ್ತ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಈ ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿ ಇದೆ ಎಂಬುದು ಹೀಗೆ ಅನುಕೂಲವಿಲ್ಲದ ಹೊತ್ತಿನಲ್ಲೇ ನೆನಪಾಗುತ್ತದೆ.

ನಾಲ್ಕು ಗಂಟೆಗೆ ಹದಿನಾಲ್ಕು ಮೆಟ್ಟಿಲೂ ಮುಗಿದವು. “ಆಯ್ತಾ ಸಾರ್? ಸರಪಳಿ ಬಿಚ್ಲಾ?” ಎಂದರು ಅಜ್ಜಿ. ಇವರು ಟೇಪು ತೆಗೆದು ಕೆಳಗಿನಿಂದ ಒಂದೊಂದನ್ನೇ ಅಳೆಯುತ್ತ ಹತ್ತಿದರು. ಒಂಬತ್ತನೆಯದರ ಹತ್ತಿರ ನಿಂತು ಇನ್ನೊಮ್ಮೆ ಅಳೆದರು.

“ಆಗಲ್ಲ” ಎಂದರು.

“ಏನು ಆಗಲ್ಲ?”

“ಕೆಳಗಿನ ಎಂಟೂ ಹದಿನೇಳು ಸೆಂಟಿಮೀಟರ್ ಎತ್ತರ ಇವೆ, ಇದು ಇಪ್ಪತ್ತು. ಓಡೋರು ಮುಗ್ಗರಿಸ್ತಾರೆ.”

“ಮೂರು ಸೆಂಟಿಮೀಟರ್ರೀ! ನನ್ನ ಅಂಗಡೀಲಿ ಅಷ್ಟನ್ನ ಮಡಿಚಿ ಹೊಲಿದುಬಿಡ್ತೀನಿ.”

“ಕೆಳಗೆ ಬಂಡೆ ಇದೆ ಕಣೇ. ಮಡಿಚಕ್ಕಾಗಲ್ಲ.”

ಅದನ್ನು ಒಡೆಯಲು ಕಲ್ಲು ಕೆಲಸದವರೇ ಬರಬೇಕು, ಅವರು ಬರುವುದು ಮುಂದಿನ ವಾರ ಎಂದರು ಅಜ್ಜಿ. ಇವರ ಮಾತಿಗೆ ತಲೆಯಾಡಿಸಿ, ಸರಪಳಿಯ ಗಂಟು ಗಟ್ಟಿಯಿದೆಯೇ ನೋಡಲು ಹೊರಟರು. ನನಗೆ ಅಳು ಬಂದೇಬಿಟ್ಟಿತು.

“ನನಗೆ ಮೆಟ್ಟಿಲೂ ಬೇಡ, ದಾರೀನೂ ಬೇಡ” ಎಂದೆ. “ಈ ನೀರಿನ ಸದ್ದು ಕೇಳ್ತಾ ಒಂದು ರಾತ್ರಿ ನಿಮ್ಮ ಪಕ್ಕ ಮಲಗ್ಬೇಕು. ತಂಗಿ ಪಕ್ಕ ಅಲ್ಲ, ನಿಮ್ಮ ಪಕ್ಕ. ಒಂಬತ್ತು ವರ್ಷದಿಂದ ಕೇಳ್ತಿರೋದು ಇದೊಂದೇ. ಇದ್ರಲ್ಲೂ ಏನಾದ್ರೂ ತಪ್ಪಿದ್ರೆ ಬರೆದುಕೊಡಿ.”

ಇವರು ಟೇಪು ಸುತ್ತಿ ಜೇಬಿಗೆ ಹಾಕಿದರು. ಹೊಳೆಯನ್ನು ನೋಡಿದರು, ಒಂಬತ್ತನೇ ಮೆಟ್ಟಿಲು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಅಜ್ಜಿಯ ಹತ್ತಿರ ಹೋಗಿ ಬಂದವರ ಹೆಸರು ಬರೆಯುವ ರಿಜಿಸ್ಟರ್ ತರಿಸಿಕೊಂಡು, ಬೊಬ್ಬೆಯೆದ್ದ ಕೈಯಲ್ಲಿ ನಿಧಾನವಾಗಿ ಏನೋ ಬರೆದರು. ಅಜ್ಜಿ ಕನ್ನಡಕ ಹಾಕಿಕೊಂಡು ಜೋರಾಗಿ ಓದಿದರು:

“ತಾತ್ಕಾಲಿಕ ಅನುಮತಿ. ಒಂದು ರಾತ್ರಿಗೆ, ಇಬ್ಬರಿಗೆ ಮಾತ್ರ. ಷರತ್ತು: ಇನ್ಸ್‌ಪೆಕ್ಟರ್ ಬೆಳಗಿನವರೆಗೆ ಅರ್ಜಿದಾರರ ಪಕ್ಕದಲ್ಲೇ ಖುದ್ದು ಹಾಜರಿರತಕ್ಕದ್ದು.”

ಅಜ್ಜಿ ಕನ್ನಡಕದ ಮೇಲಿನಿಂದ ಇವರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು.

“ಹಾಜರಿದ್ರು ಅಂತ ಬೆಳಿಗ್ಗೆ ಸಹಿ ಯಾರು ಹಾಕ್ತಾರೆ?”

“ನಾನು ಹಾಕ್ತೀನಿ ಅಜ್ಜೀ” ಎಂದೆ.