ನುಣುಪು ಬೆಣೆ

ಅಗ್ನಿಶಾಮಕ ಠಾಣೆಗೆ ಸೇರಿದ ಮೊದಲ ದಿನ ಬಡಗಿಯ ಮಗಳಿಗೆ ಕೊಡಲಿ ಸಿಗಲಿಲ್ಲ, ಮರದ ಬೆಣೆ ಸಿಕ್ಕಿತು. ಅಂಗೈಯಗಲದ ತುಂಡು, ಗರಗಸದ ಹಲ್ಲುಗುರುತು ಇನ್ನೂ ಮಾಸದ್ದು. ಠಾಣೆಯವರೆಲ್ಲ ದೊಡ್ಡಣ್ಣ ಎನ್ನುತ್ತಿದ್ದ ಹಿರಿಯ ಅದನ್ನು ಅವಳ ಕೈಗಿಟ್ಟು, ಆರು ತಿಂಗಳು ಇದೇ ನಿನ್ನ ಕತ್ತಿ, ಇದೇ ಗುರಾಣಿ ಅಂದ. ಉಳಿದವರು ನಕ್ಕರು. ಅವನು ನಗಲಿಲ್ಲ. ಬಾಗಿಲು ಮುಚ್ಚಿಕೊಂಡರೆ ಪೈಪು ಸಿಕ್ಕಿಹಾಕಿಕೊಂಡು ನೀರು ನಿಲ್ಲುತ್ತದೆ, ಒಳಗಿದ್ದವರು ಬೆಂದುಹೋಗುತ್ತಾರೆ ಎಂದು ಬಿಡಿಸಿ ಹೇಳಿದ. ಹೊಸಬರ ಕೆಲಸ ಬೆಣೆ ಹೊಡೆದು ಬಾಗಿಲಲ್ಲೇ ನಿಲ್ಲುವುದು, ಯಾರು ಬೈದರೂ, ಯಾರು ಕರೆದರೂ.

ನಾಲ್ಕು ತಿಂಗಳಲ್ಲಿ ಅವಳಿಂದ ಎರಡು ತಪ್ಪಾಗಿದ್ದವು. ಮೂರನೆಯದಾದರೆ ಹೆಲ್ಮೆಟ್ ಇಟ್ಟು ಮನೆಗೆ ಹೋಗು ಎಂದು ಠಾಣೆಯ ಸಾಹೇಬರು ಹೇಳಿಬಿಟ್ಟಿದ್ದರು.

ಅವಳು ಈ ಕೆಲಸಕ್ಕೆ ಸೇರಿದಂದಿನಿಂದ ಅಪ್ಪ ಮಾತು ಬಿಟ್ಟಿದ್ದ. ಒಂದು ಸಂಜೆ ಮೇಜಿನ ಮೇಲಿದ್ದ ಬೆಣೆಯನ್ನು ಕೈಗೆತ್ತಿಕೊಂಡು ಮುಖ ಸಿಂಡರಿಸಿದ.

"ಇಂಥದ್ದನ್ನ ಹಿಡ್ಕೊಂಡು ಓಡಾಡಿದ್ರೆ ಬಡಗಿ ಮನೆ ಹುಡುಗಿ ಅಂತ ಯಾರಾದ್ರೂ ಅಂತಾರೇನೇ?"

ಅಷ್ಟು ದಿನಗಳಲ್ಲಿ ಅವನು ಆಡಿದ ಮೊದಲ ಮಾತದು. ಅವಳು ಬೇಡ ಎನ್ನಲಿಲ್ಲ. ಅಪ್ಪ ಅದನ್ನು ಕೆತ್ತಿದ, ಮರಳುಕಾಗದದಿಂದ ತಿಕ್ಕಿದ, ಎಣ್ಣೆ ಕುಡಿಸಿದ. ಬೆಣೆ ಕೆನ್ನೆಯ ಹಾಗಾಯಿತು. ಮರವೆಂದರೆ ನುಣುಪಾಗಿರಬೇಕು ಎಂಬುದನ್ನು ಆ ಮನೆಯಲ್ಲಿ ಯಾರೂ ಎರಡನೇ ಸಲ ಯೋಚಿಸಿದವರಲ್ಲ.

ಮರುವಾರ, ನಡುಹಗಲಲ್ಲಿ, ಹಾಸಿಗೆ ಕಾರ್ಖಾನೆಗೆ ಬೆಂಕಿ ಬಿತ್ತು.

ಫೋಮ್ ರಾಶಿ ಎಣ್ಣೆಯ ಹಾಗೆ ಕರಗಿ ಉರಿಯುತ್ತಿತ್ತು. ಕಿಟಕಿಗಳು ಒಂದೊಂದಾಗಿ ಸಿಡಿದು ಗಾಜು ಬೀದಿಗೆ ಹಾರಿತು. ಹೊಗೆ ಕಟ್ಟು ಹರಿದ ಗೂಳಿಯ ಹಾಗೆ ನುಗ್ಗಿ ಬಂತು. ದೊಡ್ಡಣ್ಣ ಪೈಪು ಎಳೆದುಕೊಂಡು ಒಳಗೆ ಹೋದ. ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗಿನ ಕಬ್ಬಿಣದ ಬಾಗಿಲು ಅದು. ಅವಳು ಅದನ್ನು ಪೂರ್ತಿ ತೆಗೆದು, ಅಡಿಗೆ ಬೆಣೆ ಹೊಡೆದು ನಿಂತಳು.

ಆಗ ಕಾರ್ಖಾನೆಯ ಯಜಮಾನ ಓಡಿ ಬಂದ, ಕೈಯಲ್ಲಿ ಮಾರುದ್ದದ ಕಬ್ಬಿಣದ ಕಂಬಿ. ಅವನ ತಮ್ಮ ಒಳಗಿದ್ದ. ಬಿಡು ಅಂದ, ಬೇಡಿಕೊಂಡ, ಕೆಟ್ಟ ಮಾತು ಬೈದ. ಅವಳು ಅಡ್ಡ ನಿಂತಳು. ಕಂಬಿ ಹೆಲ್ಮೆಟ್ಟಿಗೆ ಬಡಿದು ಕಿವಿಯೊಳಗೆ ಗಂಟೆ ಹೊಡೆದ ಹಾಗಾಯಿತು. ಎರಡನೇ ಏಟು ಹೆಗಲಿಗೆ. ಮೂರನೆಯದಕ್ಕೆ ಅವನು ಕೈಯೆತ್ತುವಷ್ಟರಲ್ಲಿ ಅವಳು ತಲೆ ತಗ್ಗಿಸಿ ಹೆಲ್ಮೆಟ್ಟಿನಿಂದ ಅವನ ಮುಖಕ್ಕೇ ಗುದ್ದಿದಳು. ಮೂಗು ಒಡೆದು ರಕ್ತ ಚಿಮ್ಮಿತು. ಅವನು ಹಿಂದಕ್ಕೆ ಮುಗ್ಗರಿಸಿ ಬಾಗಿಲಿಗೆ ತಾಗಿದ, ಅಷ್ಟೇ. ಒದ್ದೆ ನೆಲದ ಮೇಲೆ ಬೆಣೆ ಸೋಪಿನ ತುಂಡಿನಂತೆ ಜಾರಿಹೋಯಿತು.

ಬಾಗಿಲು ಧಡಾರನೆ ಬಂದು ಪೈಪನ್ನು ಕಚ್ಚಿತು. ಬಾಗಿಲಿಂದ ಈಚೆಗೆ ಪೈಪು ಕಲ್ಲಾಗಿ ಉಬ್ಬಿತು, ಆಚೆಗೆ ಸತ್ತುಬಿತ್ತು. ಒಳಗಿಂದ ದೊಡ್ಡಣ್ಣನ ಸೀಟಿ ಕೇಳಿಸಿತು. ಒಮ್ಮೆ. ಮತ್ತೊಮ್ಮೆ, ಗಿಡ್ಡವಾಗಿ.

ಅವಳು ಸಂದಿಗೆ ಎಡಗೈ ತೂರಿಸಿ ಬಾಗಿಲನ್ನು ಎಳೆದಳು. ಒಂದು ಗೇಣು ಬಂತು. ಒದ್ದೆ ಕೈಗವಸು ಜಾರಿತು. ಬಾಗಿಲು ಪೂರ್ತಿ ಭಾರ ಹಾಕಿ ಬೆರಳುಗಳ ಮೇಲೆ ಮುಚ್ಚಿಕೊಂಡಿತು. ಕಬ್ಬು ಮುರಿದಂಥ ಸದ್ದು. ಕೈ ಹಿಂದೆಗೆಯಬಹುದಿತ್ತು. ತೆಗೆದರೆ ಇದ್ದಷ್ಟು ಸಂದಿಯೂ ಹೋಗುತ್ತಿತ್ತು. ಪೈಪಿನೊಳಗೆ ಸಣ್ಣಗೆ ನೀರು ಓಡುವುದು ಅವಳ ಒಡೆದ ಮೂಳೆಗೆ ತಿಳಿಯುತ್ತಿತ್ತು. ಅವಳು ಹಲ್ಲು ಕಚ್ಚಿ ಬೆರಳುಗಳನ್ನು ಅಲ್ಲೇ ಬಿಟ್ಟಳು.

ಯಜಮಾನ ಮತ್ತೆ ಕಂಬಿ ಎತ್ತಿಕೊಂಡು ಬಂದ.

"ಆಮೇಲೆ ಹೊಡೀರಿ ಯಜಮಾನ್ರೇ," ಅಂದಳು. "ಮೊದ್ಲು ಆ ಕಂಬಿ ಇಲ್ಲಿ ತುರುಕಿ. ಇದು ನಿಮ್ಮ ತಮ್ಮನ ಹತ್ರ ಹೋಗ್ತಿರೋ ನೀರು."

ಅವನು ಬಾಗಿಲು ನೋಡಿದ, ಸಂದಿಯಿಂದ ಇಳಿಯುತ್ತಿದ್ದ ರಕ್ತ ನೋಡಿದ. ಕಂಬಿ ತುರುಕಿ ಮೈಯೆಲ್ಲ ಹಾಕಿ ಮೀಟಿದ. ಬಾಗಿಲು ಕಿರುಗುಟ್ಟಿ ತೆರೆಯಿತು, ಪೈಪು ಹೆಡೆಯೆತ್ತಿತು. ಅವನು ಅಳುತ್ತಲೇ ಹಿಡಿದು ನಿಂತ. ಸ್ವಲ್ಪ ಹೊತ್ತಿಗೆ ಹೊಗೆಯೊಳಗಿಂದ ದೊಡ್ಡಣ್ಣ ತೆವಳಿ ಬಂದ, ಒಂದು ಕಿವಿ ಮೇಣದಂತೆ ಕರಗಿತ್ತು. ಅವನು ಕಾಲರ್ ಹಿಡಿದು ಎಳೆಯುತ್ತಿದ್ದ ದೇಹ ಕೆಮ್ಮಿತು.

ಬಾಗಿಲು ಹೇಗೆ ಮುಚ್ಚಿತು ಎಂದು ಸಾಹೇಬರು ಅಲ್ಲೇ ಕೇಳಿದರು. ಯಜಮಾನ ಬಂದು ಬಿದ್ದನಂತೆ, ಹುಡುಗಿಯದೇನೂ ತಪ್ಪಿಲ್ಲ ಎಂದು ದೊಡ್ಡಣ್ಣ ಹೇಳಿದ. ಯಜಮಾನನೂ ಹೂಂ ಎಂದು ತಲೆಯಾಡಿಸಿದ. ಅವಳು ಬಲಗೈಯಿಂದ ಬೆಣೆಯನ್ನು ನೆಲದಿಂದ ಹೆಕ್ಕಿ ಸಾಹೇಬರಿಗೆ ಕೊಟ್ಟಳು.

"ಒರಟು ಬೆಣೆ ಆಗಿದ್ರೆ ಜಾರ್ತಿರ್ಲಿಲ್ಲ ಸರ್. ಇದನ್ನ ಉಜ್ಜಿದ್ದು ನಾನೇ."

ಅವರು ಅದರ ಮೇಲೆ ಹೆಬ್ಬೆರಳು ಆಡಿಸಿದರು. ಮೂರನೆಯ ತಪ್ಪು ಎಂದಷ್ಟೇ ಹೇಳಿ ಜೇಬಿಗೆ ಹಾಕಿಕೊಂಡರು.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಗಾಯ ಮಾಗಿದ ಮೇಲೆ, ಒಂದೂವರೆ ತಿಂಗಳಿಗೆ, ಹೆಲ್ಮೆಟ್ ಒಪ್ಪಿಸಲು ಅವಳು ಠಾಣೆಗೆ ಹೋದಳು. ಕರೆಯದಿದ್ದರೂ ಅಪ್ಪ ಜೊತೆಗೆ ಬಂದ. ಸಾಹೇಬರ ಮೇಜಿನ ಮೇಲೆ ಬೆಣೆ ಕಂಡೊಡನೆ, ಉಜ್ಜಿದ್ದು ತಾನು, ಇವಳಲ್ಲ ಎಂದ. ಸಾಹೇಬರು ಬಕೆಟ್ಟಿನ ನೀರನ್ನು ನೆಲಕ್ಕೆ ಚೆಲ್ಲಿ, ಗರಗಸದ ಗುರುತಿನ ಹೊಸ ಬೆಣೆಯನ್ನೂ ಸುತ್ತಿಗೆಯನ್ನೂ ಅವಳ ಮುಂದಿಟ್ಟರು. ಅವಳು ಉಳಿದ ಮೂರು ಬೆರಳಲ್ಲಿ ಬೆಣೆ ಹಿಡಿದು ಬಾಗಿಲಡಿಗೆ ಹೊಡೆದಳು. ಸಾಹೇಬರು ಬೂಟುಗಾಲಲ್ಲಿ ಬಾಗಿಲಿಗೆ ಒದ್ದರು. ಮತ್ತೆ ಒದ್ದರು. ಅಲುಗಲಿಲ್ಲ.

"ಸೋಮವಾರ ಬಾ," ಅಂದರು.

ಅಪ್ಪ ಬಾಗಿಲ ಬಳಿ ಕೂತು ಹೊಸ ಬೆಣೆಯ ಮೇಲೆ ಕೈಯಾಡಿಸಿದ. ಬೆರಳಿಗೆ ಸಿಬಿರು ಚುಚ್ಚಿತು. ಅದನ್ನು ಕೀಳದೆ ಎದ್ದು, ಹೆಲ್ಮೆಟ್ಟನ್ನು ಒರೆಸಿ ಮಗಳ ಕೈಗೆ ಕೊಟ್ಟ.