ಗೋಡೆಗೊಂದು ಪರದೆ

ಮೂವತ್ತು ವರ್ಷದಿಂದ ಪರದೆ ಹೊಲಿಯುವವಳು ನಾನು. ಯಾರ ಮನೆಯ ಕಿಟಕಿ ಎಷ್ಟು ಅಗಲ ಎಂದು ಕಣ್ಣಳತೆಯಲ್ಲೇ ಹೇಳಬಲ್ಲೆ. ಅಂಥ ನನಗೂ ಟ್ರಾವೆಲ್ ಆಫೀಸಿನ ಹುಡುಗಿ ಕಂಪ್ಯೂಟರಿನಲ್ಲಿ ತೋರಿಸಿದ ಹಡಗಿನ ಕೋಣೆ ನೋಡಿ ನಗು ಬಂತು. ಪರದೆಯೇನೋ ನೆರಿಗೆ ನೆರಿಗೆಯಾಗಿ ಇಳಿಬಿದ್ದಿತ್ತು, ಅದರ ಹಿಂದೆ ಕಿಟಕಿಯೇ ಇರಲಿಲ್ಲ.

“ಇದು ಒಳಗಡೆ ಕ್ಯಾಬಿನ್, ಆಂಟಿ. ಬರೀ ಗೋಡೆ. ಉಸಿರು ಕಟ್ಟಿದ ಹಾಗಾಗಬಾರದು ಅಂತ ಪರದೆ ಹಾಕಿರ್ತಾರೆ.”

“ಪರವಾಗಿಲ್ವೇ! ಗೋಡೆಗೂ ಮಾನ ಮುಚ್ಚೋಕೆ ಬಟ್ಟೆ,” ಎಂದೆ. ಹುಡುಗಿ ನಕ್ಕಳು. ಪಕ್ಕದಲ್ಲಿ ಕೂತ ನಮ್ಮ ಯಜಮಾನರು ನಗಲಿಲ್ಲ. ಅವರು ನಕ್ಕು ಎಂಟು ತಿಂಗಳಾಗಿತ್ತು.

ಗಡಿಯಾರ ರಿಪೇರಿ ಮಾಡುತ್ತಿದ್ದವರು. ಕೈ ನಡುಗಲು ಶುರುವಾಗಿ ಅಂಗಡಿ ಮುಚ್ಚಿದ ಮೇಲೆ ಮಾತು ಕಮ್ಮಿಯಾಯಿತು, ಆಮೇಲೆ ಊಟ. ಒಂದು ಮಧ್ಯಾಹ್ನ ಒಣಗಿದ ಬಟ್ಟೆ ತರಲು ತಾರಸಿಗೆ ಹೋದರೆ ಕಟ್ಟೆಯ ಆಚೆ ನಿಂತಿದ್ದರು. ಅಂಗಿ ಹಿಡಿದು ಎಳೆದುಕೊಂಡೆ. ಅವತ್ತಿನಿಂದ ತಾರಸಿಯ ಬೀಗದ ಕೈ ನನ್ನ ಸೊಂಟದಲ್ಲಿದೆ. ಮಲಗುವ ಕೋಣೆಯ ಕಿಟಕಿಗೆ ಸ್ಕ್ರೂ ಹೊಡೆಸಿ, ದಪ್ಪ ಪರದೆ ಹೊಲಿದು ಇಳಿಬಿಟ್ಟಿದ್ದೇನೆ.

ಡಾಕ್ಟರಿಗೆ ಎಲ್ಲ ಹೇಳಿದ್ದೇನೆ, ಮಾತ್ರೆ ನಡೆಯುತ್ತಿದೆ. ಮಗಳಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ. ಪಾಪ, ಅಪ್ಪ ಮಂಕಾಗಿದ್ದಾರೆ, ನಾಲ್ಕು ದಿನ ಸಮುದ್ರದ ಗಾಳಿ ಕುಡಿದು ಬರಲಿ ಎಂದು ಅವಳೇ ಈ ಪ್ರವಾಸ ಗೊತ್ತುಮಾಡಿದಳು. ಕೋಣೆ ಯಾವುದು ಎನ್ನುವುದನ್ನಷ್ಟೇ ನಮಗೆ ಬಿಟ್ಟಿದ್ದಳು.

“ಕಿಟಕಿ ಇರೋದೂ ಇದೆಯಲ್ಲ? ಆ ಕಿಟಕಿ ತೆಗೆಯೋಕೆ ಬರತ್ತಾ?” ಎಂದು ಕೇಳಿದೆ.

“ಇಲ್ಲ ಆಂಟಿ, ಗಾಜನ್ನ ಭದ್ರವಾಗಿ ಕೂರಿಸಿರ್ತಾರೆ.”

“ಹಾಗಾದ್ರೆ ಅದೇ ಇರಲಿ.” ಹೋದ ಜೀವ ಬಂದಂತಾಯಿತು.

ಹುಡುಗಿ ಏನೇನೋ ಒತ್ತಿ ನೋಡಿ ತುಟಿ ಕಚ್ಚಿಕೊಂಡಳು. “ಅಯ್ಯೋ, ಅವೆಲ್ಲ ಭರ್ತಿಯಾಗಿವೆ. ಉಳಿದಿರೋದು ಒಳಗಡೆದು, ಇಲ್ಲಾಂದ್ರೆ ಬಾಲ್ಕನಿದು. ಬಾಲ್ಕನಿದೇ ತಗೊಳ್ಳಿ ಆಂಟಿ, ಬಾಗಿಲು ತೆಗೆದ್ರೆ ಸಮುದ್ರ!”

“ಬಾಲ್ಕನಿದೇ ಇರಲಿ,” ಎಂದರು ಯಜಮಾನರು.

ಬೆಚ್ಚಿ ತಿರುಗಿದೆ. ಎಂಟು ತಿಂಗಳಲ್ಲಿ ಒಂದು ಲೋಟ ನೀರನ್ನೂ ಬೇಕು ಎಂದು ಕೇಳಿದವರಲ್ಲ. ಈಗ ಕಣ್ಣಲ್ಲಿ ಸ್ವಲ್ಪ ಹೊಳಪೂ ಇತ್ತು. ಅದು ಬದುಕುವ ಆಸೆಯದೋ, ಇನ್ನೊಂದರದೋ? ಮೂವತ್ತಾರು ವರ್ಷ ಜೊತೆಗೆ ಸಂಸಾರ ಮಾಡಿದವರ ಮುಖ ಓದಲು ನನಗೆ ಬರಲಿಲ್ಲ.

“ಬೇಡಮ್ಮ, ಇವರಿಗೆ ತಲೆ ಸುತ್ತತ್ತೆ. ಒಳಗಡೆದೇ ಬರಿ,” ಎಂದೆ. ನನ್ನ ದನಿ ನನಗೇ ಗಡುಸಾಗಿ ಕೇಳಿಸಿತು.

“ಅಂಕಲ್ ಅಷ್ಟು ಆಸೆಪಡ್ತಿದಾರಲ್ಲ ಆಂಟಿ...”

ಯಜಮಾನರು ನನ್ನ ಸೊಂಟದ ಬೀಗದ ಕೈ ನೋಡಿದರು. ಹೊಳಪು ಆರಿಹೋಯಿತು.

“ಒಳಗಡೆದೇ ಕೊಡಮ್ಮ,” ಎಂದರು ಮೆಲ್ಲಗೆ. “ಇವಳು ಸರಿಯಾಗಿ ನಿದ್ದೆ ಮಾಡಿ ಎಂಟು ತಿಂಗಳಾಯ್ತು.”

ನಾನು ದಿನಾ ಅವರ ಅಂಗಿಯ ಚುಂಗು ಹಿಡಿದೇ ಮಲಗುತ್ತೇನೆ. ಅವರಿಗದು ತಿಳಿಯುವುದಿಲ್ಲ ಎಂದುಕೊಂಡಿದ್ದೆ. ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು. ಕಣ್ಣು ಮಂಜಾಗಿದ್ದರಿಂದ ಹುಡುಗಿ ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದೆ.

ಮೆಟ್ಟಿಲಿಳಿಯುವಾಗ ತಡೆಯಲಾಗಲಿಲ್ಲ. “ರೀ, ನಿಜ ಹೇಳಿ. ಸಮುದ್ರ ನೋಡೋಕೆ ತಾನೇ ನೀವು ಬಾಲ್ಕನಿ ಕೇಳಿದ್ದು?”

ಅವರು ಕಂಬಿ ಹಿಡಿದು ನಿಂತರು. ಸುಳ್ಳಾದರೂ ಪರವಾಗಿಲ್ಲ, ಹೌದು ಅನ್ನಲಿ ಎಂದು ಕಾದೆ.

“ಗೊತ್ತಿಲ್ಲ ಕಣೇ,” ಎಂದರು. “ನಾನೂ ಅದನ್ನೇ ಯೋಚನೆ ಮಾಡ್ತಿದೀನಿ.”

ಅವರ ಅಂಗಿಯ ತೋಳು ಹಿಡಿದುಕೊಂಡು ಉಳಿದ ಮೆಟ್ಟಿಲು ಇಳಿದೆ.